ಅಣ್ಣನ ಹುಟ್ಟಿದ ತಾರೀಖು

ಹಿಡಿಕೆಗೆ ಹನ್ನೊಂದು ಸುತ್ತು. ಹತ್ತಾದರೆ ಬೆವರಿಗೆ ಕೈ ಜಾರುತ್ತಿತ್ತು, ಹನ್ನೆರಡಾದರೆ ಬೆರಳು ಪೂರ್ತಿ ಕೂಡುತ್ತಿರಲಿಲ್ಲ. ಅವ್ವನ ಹಳೆಯ ಸೀರೆಯನ್ನು ಎರಡು ಬೆರಳಗಲಕ್ಕೆ ಹರಿದು, ನೀರಲ್ಲಿ ನೆನೆಸಿ, ಹಿಂಡಿ, ಹಸಿಯಿರುವಾಗಲೇ ಕೆಳಗಿನಿಂದ ಮೇಲಕ್ಕೆ ಸುತ್ತಬೇಕು. ಒಣಗಿದ ಮೇಲೆ ಅದು ತಾನಾಗಿ ಬಿಗಿಯುತ್ತದೆ. ಕೊನೆಯ ತುದಿಗೆ ಗಂಟು ಹಾಕಬಾರದು, ಒಳಗೆ ಸಿಗಿಸಬೇಕು. ಗಂಟು ಅಂಗೈಗೆ ಒತ್ತುತ್ತದೆ. ನನ್ನ ಅಣ್ಣನ ಹಾಕಿ ಸ್ಟಿಕ್ಕಿಗೆ ಹತ್ತು ವರ್ಷ ಈ ಪಟ್ಟಿ ಸುತ್ತಿದವಳು ನಾನು. ಮೊದಲ ಸಲ ಸುತ್ತಿದಾಗ ನನಗೆ ಹತ್ತು ವರ್ಷ, ಅವನಿಗೆ ಹದಿನೈದು.

ನಮ್ಮೂರು ಇಂಡಿ. ಊರ ಅಂಚಿನಲ್ಲಿ ನಮ್ಮ ಮನೆ, ಮನೆಯ ಹಿಂದೆ ಹೊಲ, ಹೊಲದ ಮೂಲೆಯಲ್ಲಿ ಕಣ. ಅಣ್ಣನ ಹೈಸ್ಕೂಲಿಗೆ ಆ ವರ್ಷ ಹೊಸ ಡ್ರಿಲ್ ಮಾಸ್ತರರು ಬಂದಿದ್ದರು. ಮುದ್ದೇಬಿಹಾಳದ ಕಡೆಯ ಮುಸಲ್ಮಾನರು, ಸೈನ್ಯದಲ್ಲಿದ್ದು ನಿವೃತ್ತರಾದವರು. ತಮ್ಮ ಟ್ರಂಕಿನ ಜೊತೆ ಆರು ಹಾಕಿ ಸ್ಟಿಕ್ಕುಗಳನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು ತಂದಿದ್ದರು. ಆಡಲು ನೆಲ ಇರಲಿಲ್ಲ. ನಮ್ಮದು ಎರೆ ಭೂಮಿ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ಕಾಲು ಹೂಳುತ್ತದೆ. ಚೆಂಡು ಒಂದು ಮಾರು ಉರುಳುವುದೇ ಹೆಚ್ಚು.

ಮಾಸ್ತರರು ಒಂದು ದಿನ ನಮ್ಮ ಹೊಲದ ಬದುವಿನ ಮೇಲೆ ನಿಂತು ಕಣವನ್ನು ನೋಡಿದರು. ಜೋಳದ ರಾಶಿ ಎತ್ತಿ ಆಗಿತ್ತು. ನೀರು ಹೊಡೆದು, ಎತ್ತು ತುಳಿಸಿ, ಸಗಣಿ ಸಾರಿಸಿದ ನೆಲ. ಕಾಳೊಂದು ಬಿದ್ದರೂ ಹೆಕ್ಕಬಹುದು, ಅಷ್ಟು ನಯ. ಅವರು ಅಪ್ಪನ ಹತ್ತಿರ ಬಂದು ಕೇಳಿದರು.

"ಗೌಡ್ರ, ಹೆಂಗೂ ಕಣ ಖಾಲಿ ಐತಿ. ಮಳಿ ಬೀಳೂತನಕ ಹುಡುಗರು ಆಡ್ಕೋತಾರ."

"ಆಡ್ಕೊಳ್ರಿ," ಎಂದರು ಅಪ್ಪ. "ಆದ್ರ ಕಣದಾಗ ಕಾಲ್ಮರಿ ಮೆಟ್ಟೂಹಂಗಿಲ್ಲ. ಅನ್ನಾ ಬಡಿಯೂ ಜಾಗಾ ಅದು."

"ಮೆಟ್ಟಾಕ ಇವರ ಹಂತೇಕ ಎಲ್ಲಿ ಅದಾವ್ರೀ!" ಎಂದು ಮಾಸ್ತರರು ನಕ್ಕರು. ತಮ್ಮ ಬೂಟುಗಳನ್ನು ಬದುವಿನ ಮೇಲೆ ಬಿಚ್ಚಿಟ್ಟು, ಬರಿಗಾಲಲ್ಲಿ ಕಣಕ್ಕೆ ಇಳಿದರು.

ಹೀಗೆ ನನ್ನ ಅಣ್ಣ ಹಾಕಿ ಕಲಿತದ್ದು. ಕಣ ನನ್ನ ಹೆಜ್ಜೆಯಲ್ಲಿ ಈ ತುದಿಯಿಂದ ಆ ತುದಿಗೆ ಇಪ್ಪತ್ತಾರು. ಸುತ್ತಲೂ ಬಿರಿದ ಎರೆ. ಚೆಂಡು ಕಣ ದಾಟಿತೆಂದರೆ ಬಿರುಕಿನಲ್ಲಿ ಹೋಯಿತು, ದಾಟಿಸಿದವನೇ ಮೊಣಕಾಲೂರಿ ಹುಡುಕಬೇಕು. ಹಾಗಾಗಿ ದಾಟಿಸದೆ ಆಡುವುದನ್ನು ಅವನು ಕಲಿತ. ಚೆಂಡು ಅವನ ಕೋಲಿನಿಂದ ಒಂದು ಗೇಣಿಗಿಂತ ದೂರ ಹೋಗುತ್ತಿರಲಿಲ್ಲ. ಐದು ಜನ ಸುತ್ತುವರಿದರೂ ಅವರ ಕಾಲುಗಳ ನಡುವೆ ಅವನಿಗೆ ದಾರಿ ಕಾಣುತ್ತಿತ್ತು. ಮಾಸ್ತರರು ಕಲಿಸುವುದನ್ನು ನಿಲ್ಲಿಸಿ ಸುಮ್ಮನೆ ನೋಡುತ್ತ ನಿಲ್ಲುತ್ತಿದ್ದರು.

ಮೆಟ್ರಿಕ್‌ನಲ್ಲಿ ಅಣ್ಣ ಇಂಗ್ಲಿಷಿನಲ್ಲಿ ಎರಡು ಸಲ ನಪಾಸಾದ. ಮೂರನೆಯ ಸಲ ಕೂರಲಿಲ್ಲ. ಹಗಲು ಹೊಲದ ಕೆಲಸ, ಸಂಜೆ ಆಟ. ಸಿಂದಗಿಗೆ, ಮುದ್ದೇಬಿಹಾಳಕ್ಕೆ, ಬಸವನ ಬಾಗೇವಾಡಿಗೆ ಬಸ್ಸಿನ ಟಪ್ಪಿನ ಮೇಲೆ ಕೂತು ತಂಡ ಹೋಗುತ್ತಿತ್ತು. ಸಿಂದಗಿಯಲ್ಲಿ ಕಚೇರಿಯವರ ತಂಡವನ್ನು ಸೋಲಿಸಿ ಬಂದ ದಿನ ಅವನು ನನಗೆ ಒಂದು ಪೆನ್ನು ತಂದ. ಮುದ್ದೇಬಿಹಾಳದಲ್ಲಿ ಎಡಹುಬ್ಬು ಒಡೆದುಕೊಂಡು ಬಂದ. ಆ ಗೆರೆಯಲ್ಲಿ ಕೂದಲು ಮತ್ತೆ ಬೆಳೆಯಲಿಲ್ಲ.

ನಾನು ಅವನ ಆಟವನ್ನು ಊರ ಹೊರಗೆ ನೋಡಿದ್ದು ಒಂದೇ ಸಲ, ಬಸವನ ಬಾಗೇವಾಡಿಯಲ್ಲಿ. ಅವ್ವ ಮತ್ತು ನಾನು ಗುಡಿಗೆಂದು ಹೋದವರು, ಬರುವಾಗ ಆಟದ ಬಯಲಿನ ಅಂಚಿನಲ್ಲಿ ಕಮಾನು ಗಾಡಿ ನಿಲ್ಲಿಸಿ ಒಳಗಿನಿಂದಲೇ ನೋಡಿದೆವು. ಅಣ್ಣ ನೆಲಕ್ಕೆ ಬಗ್ಗಿ, ಕೋಲನ್ನು ನೆಲದಿಂದ ಎತ್ತದೆ ಆಡುತ್ತಿದ್ದ. ಆ ಊರಿನ ಒಬ್ಬ ಹಿರಿಯ, ತಲೆಗೆ ರುಮಾಲು ಸುತ್ತಿದವನು, ಕೂಗಿದ:

"ಏ ಇಂಡೀ ತಮ್ಮಾ, ಅದೇನ್ ಕಸಬರಿಗಿ ಏನಪಾ? ನಮ್ಮ ಅಂಗಳಾ ಉಡುಗಾಕ ಬಂದೀ?"

ಜನ ಹೋ ಎಂದು ನಕ್ಕರು. ಅಷ್ಟರಲ್ಲಿ ಅಣ್ಣ ಮೂವರನ್ನು ದಾಟಿ ಗೋಲು ಹೊಡೆದಿದ್ದ. ಮಾಸ್ತರರು ಆ ಹಿರಿಯನ ಕಡೆ ತಿರುಗಿ, "ಹೌದ್ರೀ ಯಜಮಾನ್ರ, ಉಡುಗೇ ಹೋಗ್ತಾನ. ಮೂಲ್ಯಾಗ ಇನ್ನೂ ನಾಕ ಮಂದಿ ಉಳದಾರ, ತಡೀರಿ," ಎಂದರು. ಅವ್ವ ಸೆರಗು ಬಾಯಿಗೊತ್ತಿ ನಕ್ಕಳು. ಅವಳು ಅಷ್ಟು ನಕ್ಕಿದ್ದನ್ನು ನಾನು ಮತ್ತೆ ನೋಡಲಿಲ್ಲ.

ಅವನಿಗೆ ಇಪ್ಪತ್ತು ದಾಟಿದಾಗ ಸೋಲಾಪುರದ ಒಂದು ಬಟ್ಟೆ ಗಿರಣಿಯವರು ಅವನನ್ನು ತಮ್ಮ ತಂಡಕ್ಕೆ ಕರೆದರು. ಗಿರಣಿಯ ಹೆಸರು ಇಲ್ಲಿ ಬೇಡ, ಅವರದೇನೂ ತಪ್ಪಿಲ್ಲ. ಆಟಗಾರರಿಗೆ ಗಿರಣಿಯಲ್ಲೇ ಕೆಲಸ ಕೊಡುವುದು ಆಗಿನ ರೂಢಿ. ಅಣ್ಣನನ್ನು ಬದಲಿ ಎಂದು ತೆಗೆದುಕೊಂಡರು. ಕಾಯಂ ಕೆಲಸಗಾರ ಬರದ ದಿನ ಅವನ ಜಾಗದಲ್ಲಿ ನಿಲ್ಲುವವನೇ ಬದಲಿ. ಉಳಿದ ದಿನಗಳಲ್ಲಿ ಆಟ. ಅಲ್ಲಿ ಬೂಟು ಹಾಕಲೇಬೇಕಿತ್ತು. "ಬೂಟಿನಾಗ ಕಾಲು ಕುರುಡ ಆಗ್ತಾವ," ಎಂದು ಮೊದಲ ರಜೆಗೆ ಬಂದಾಗ ಹೇಳಿದ. ಒಂದು ವರ್ಷದಲ್ಲಿ ಅದೂ ಅಭ್ಯಾಸವಾಯಿತು. ಮುಂಬಯಿಗೆ, ಪುಣೆಗೆ, ಒಮ್ಮೆ ಭೋಪಾಳಕ್ಕೆ ಆಡಲು ಹೋಗಿ ಬಂದ. ಪ್ರತಿ ರಜೆಯಲ್ಲೂ ಸ್ಟಿಕ್ಕು ತಂದು ನನ್ನ ಮುಂದೆ ಇಡುತ್ತಿದ್ದ. ಸೋಲಾಪುರದಲ್ಲಿ ರಬ್ಬರಿನ ಪಟ್ಟಿ ಸಿಗುತ್ತಿತ್ತು. ಅವನು ಕೊಳ್ಳಲಿಲ್ಲ.

ಅವನಿಗೆ ಬೇಕಾಗಿದ್ದು ಒಂದೇ: ಕಾಯಂ ಆಗುವುದು. ಕಾಯಂ ಆದರೆ ಆಟ ಮುಗಿದ ಮೇಲೂ ಗಿರಣಿಯಲ್ಲಿ ಕೆಲಸ ಉಳಿಯುತ್ತದೆ, ಮುಂದೆ ತಂಡದ ಹುಡುಗರಿಗೆ ಕಲಿಸುವ ಜಾಗವೂ ಸಿಗಬಹುದು. ಇಲ್ಲದಿದ್ದರೆ ಆಟವೂ ಬದಲಿಯೇ.

ಇಲ್ಲಿ ನಾನು ನನ್ನ ವಿಷಯ ಹೇಳಬೇಕು. ನಾನು ಧಾರವಾಡದಲ್ಲಿ ಇತಿಹಾಸ ಓದಿದೆ. ಹಾಸ್ಟೆಲಿನ ಮೊದಲ ವರ್ಷ ದಾಖಲೆ ಪುಸ್ತಕದಲ್ಲಿ ನಮ್ಮ ನಮ್ಮ ಹುಟ್ಟಿದ ತಾರೀಖು ಬರೆಸಿದರು. ವಿಜಾಪುರ ಜಿಲ್ಲೆಯ ನಾವು ನಾಲ್ವರೂ ಜೂನ್ ಒಂದು ಎಂದೆವು. ಮಂಗಳೂರಿನ ಕಡೆಯ ಒಬ್ಬಳು ನಗುತ್ತ ಕೇಳಿದಳು: "ನಿಮ್ಮ ಕಡೆ ಎಲ್ಲರೂ ಒಂದೇ ದಿನ ಹುಟ್ಟುವುದಾ?"

ನಮ್ಮ ಕಡೆ ಶಾಲೆಗೆ ಸೇರಿಸುವ ಕ್ರಮವೇ ಹಾಗೆ. ಮಗುವಿನ ಬಲಗೈ ತಲೆಯ ಮೇಲಿಂದ ಹಾದು ಎಡಕಿವಿಯನ್ನು ಮುಟ್ಟಿತೆಂದರೆ ಆರು ತುಂಬಿತೆಂದು ಲೆಕ್ಕ. ಶಾಲೆ ಶುರುವಾಗುವುದು ಜೂನಿನಲ್ಲಿ, ಆದ್ದರಿಂದ ಜೂನ್ ಒಂದು. ಮಾಸ್ತರರು ಬರೆದುಕೊಳ್ಳುತ್ತಾರೆ, ತಂದೆ ಹೆಬ್ಬೆಟ್ಟು ಒತ್ತುತ್ತಾನೆ, ಮಗು ಒಳಗೆ ಹೋಗುತ್ತದೆ. ಯಾರಿಗೂ ಇದರಲ್ಲಿ ಸುಳ್ಳು ಕಾಣುವುದಿಲ್ಲ. ಆ ನಗುವಿನ ನಂತರ ನನಗೆ ಕಂಡಿತು.

ರಜೆಗೆ ಬಂದಾಗ ಅವ್ವನನ್ನು ಕೂರಿಸಿ ಕೇಳಿದೆ. ಅಣ್ಣನದು ಸುಲಭವಾಗಿ ಸಿಕ್ಕಿತು. "ಅಂವ ಹುಟ್ಟಿದ್ದು ಸೀಗಿ ಹುಣ್ಣಿಮಿ ಆಗಿ ನಾಕನೇ ದಿನ. ನಿಮ್ಮಜ್ಜ ಬಾವಿ ಕಟ್ಟಿಸಿದ ವರ್ಷ," ಎಂದಳು ಅವ್ವ. ಬಾವಿಯ ಕಟ್ಟೆಯಲ್ಲಿ ಶಕ ವರ್ಷ ಕೆತ್ತಿದ ಕಲ್ಲಿದೆ. ಪಾಚಿ ಉಜ್ಜಿ ಓದಿದೆ. ಜೋಯಿಸರ ಮನೆಯಲ್ಲಿ ಹಳೆಯ ಪಂಚಾಂಗ ತೆಗೆಸಿ ತಾರೀಖು ಹಿಡಿದೆ. ಅಣ್ಣ ಶಾಲೆಗೆ ತಡವಾಗಿ ಸೇರಿದ್ದ. ಶಾಲೆಯ ಪುಸ್ತಕಕ್ಕಿಂತ ಅವನು ಒಂದು ವರ್ಷ ಏಳು ತಿಂಗಳು ಹಿರಿಯ. ಕಲ್ಲು, ತಾಯಿಯ ನೆನಪು, ಪಂಚಾಂಗ, ಮೂರೂ ಒಂದಕ್ಕೊಂದು ಕೂಡಿದ್ದವು. ನನ್ನ ಓದಿನಲ್ಲಿ ಅಷ್ಟು ಸಂತೋಷ ನನಗೆ ಬೇರಾವುದೂ ಕೊಟ್ಟಿರಲಿಲ್ಲ.

ನನ್ನ ಬಿ.ಎ. ಫಲಿತಾಂಶ ಬಂದ ವಾರವೇ ಅಣ್ಣ ನಾಲ್ಕು ದಿನದ ರಜೆಯ ಮೇಲೆ ಬಂದ. ಗಿರಣಿಯವರು ತಂಡದ ಬದಲಿಗಳನ್ನು ಕಾಯಂ ಮಾಡುತ್ತಾರಂತೆ, ಅದಕ್ಕೆ ಫಾರಂ ಕೊಟ್ಟಿದ್ದಾರೆ, ಇಂಗ್ಲಿಷಿನಲ್ಲಿದೆ. ಪಡಸಾಲೆಯಲ್ಲಿ ಚಾಪೆ ಹಾಸಿ ನನ್ನ ಮುಂದೆ ಇಟ್ಟ.

"ನೀನಽ ತುಂಬವಾ. ಇಷ್ಟ ವರ್ಷ ಓದೀದಿ, ನಮಗೂ ಒಂದೀಟ ಉಪಯೋಗ ಆಗ್ಲಿ."

ಅವನು ಕೊಟ್ಟ ಪೆನ್ನಿನಿಂದಲೇ ಬರೆಯುತ್ತ ಹೋದೆ. ಹುಟ್ಟಿದ ತಾರೀಖಿನ ಜಾಗಕ್ಕೆ ಬಂದಾಗ ಗಟ್ಟಿಯಾಗಿ ಓದಿದೆ.

"ಅದರಾಗ ಕೇಳೂದೇನೈತಿ," ಎಂದ ಅಣ್ಣ. "ಜೂನ್ ಒಂದು. ಎಲ್ಲಾರ್ದೂ ಒಂದಽ ಅಲ್ಲ?"

"ಅದು ಖರೇ ಅಲ್ಲಣ್ಣಾ. ಖರೇದು ನನ್ನ ಹಂತೇಕ ಐತಿ."

"ಬಾವ್ಯಾಗ ಸಿಕ್ಕಿದ್ದೇನು?" ಎಂದು ನಕ್ಕ. ನಾನು ಮುಖ ಬಿಗಿದದ್ದನ್ನು ನೋಡಿ ನಗು ನಿಲ್ಲಿಸಿದ. "ಆತು. ನಿನಗ ಹೆಂಗ ತಿಳೀತೈತಿ ಹಂಗ ಬರಿ. ನಾ ಏನ ಬಲ್ಲೆ."

ನಾನು ಖರೇದನ್ನು ಬರೆದೆ. ಫಾರಂನ ಕೊನೆಯಲ್ಲಿ ತುಂಬಿದವರ ಸಹಿಗೆ ಒಂದು ಸಾಲಿತ್ತು. ನನ್ನ ಹೆಸರು ಬರೆದು, ಅದರ ಮುಂದೆ ಮೊದಲ ಸಲ ಬಿ.ಎ. ಎಂದು ಬರೆದೆ. ಅಣ್ಣ ಆ ಎರಡು ಅಕ್ಷರಗಳನ್ನು ಬಹಳ ಹೊತ್ತು ನೋಡಿದ. ಶಾಯಿ ಒಣಗುವ ಮುಂಚೆ ಮುಟ್ಟಬೇಡ ಎಂದು ನಾನು ಅವನಿಗೆ ಹೇಳಿದೆ.

ವಯಸ್ಸಿಗೆ ಮಿತಿ ಇದೆಯೇ ಎಂದು ಕೇಳಬಹುದಿತ್ತು. ಫಾರಂನಲ್ಲಿ ಅದು ಇರಲಿಲ್ಲ. ನಾನು ಕೇಳಲಿಲ್ಲ.

ಪಂಚಮಿಗೆ ಅಣ್ಣ ಮತ್ತೆ ಬಂದ. ಈ ಸಲ ಟ್ರಂಕನ್ನೂ ತಂದಿದ್ದ. ಅವ್ವ ಶೇಂಗಾದ ಉಂಡಿ ಕಟ್ಟುತ್ತಿದ್ದಳು.

"ಮೊಣಕಾಲು ಹಿಡದೈತಿ ಬೇ," ಎಂದ ಅವಳಿಗೆ. "ಓಡಾಕ ಆಗೂದಿಲ್ಲ. ಸಾಕ ಮಾಡಿ ಬಂದ್ನಿ."

"ಔಷಧ?"

"ಔಷಧಕ್ಕ ಬಗ್ಗೂದಲ್ಲಂತ."

ಮರುದಿನ ಅಪ್ಪ ಅವನನ್ನು ಹೊಲಕ್ಕೆ ಕರೆದುಕೊಂಡು ಹೋದರು. ಅಣ್ಣ ಎಲ್ಲರ ಮುಂದೆ ಸ್ವಲ್ಪ ಕುಂಟುತ್ತಿದ್ದ, ಬಲಗಾಲು. ಸ್ಟಿಕ್ಕಿನ ಪಟ್ಟಿಯನ್ನು ತಾನೇ ಬಿಚ್ಚಿ, ಸುರುಳಿ ಸುತ್ತಿ ಅವ್ವನ ಕೈಗೆ ಕೊಟ್ಟ. "ಯಾವುದಕ್ಕರೆ ಆದೀತು ಇಟಗೋ," ಎಂದ. ನನ್ನ ಕಡೆ ನೋಡಲಿಲ್ಲ, ಸಿಟ್ಟೂ ಮಾಡಲಿಲ್ಲ. ಮೊದಲಿನ ಹಾಗೆಯೇ ನನ್ನನ್ನು ಮಾತಾಡಿಸುತ್ತಿದ್ದ. ನನಗೆ ನೌಕರಿಯ ಅರ್ಜಿ ಹಾಕಲು ಕಾಗದ ಬೇಕಾದಾಗ ಮಳೆಯಲ್ಲಿ ಪೇಟೆಗೆ ಹೋಗಿ ತಂದವನು ಅವನೇ.

ಮುಂದಿನ ಬೇಸಿಗೆಯಲ್ಲಿ, ರಾಶಿ ಮುಗಿದ ಮೇಲೆ, ಒಂದು ಮಧ್ಯಾಹ್ನ ನಾನು ಮಾಳಿಗೆಯ ಮೇಲೆ ಮೆಣಸಿನಕಾಯಿ ತಿರುವಿ ಹಾಕುತ್ತಿದ್ದೆ. ಅಣ್ಣ ಖಾಲಿ ಕಣದಲ್ಲಿ ಒಬ್ಬನೇ ಇದ್ದ. ಕೈಯಲ್ಲಿ ಸ್ಟಿಕ್ಕು ಇರಲಿಲ್ಲ. ಬರಿಗಾಲಲ್ಲಿ, ಬಗ್ಗಿ, ಈ ತುದಿಯಿಂದ ಆ ತುದಿಗೆ ಓಡಿ, ಥಟ್ಟನೆ ತಿರುಗಿ ಮತ್ತೆ ಓಡಿದ. ಬಲಗಾಲ ಮೇಲೆಯೇ ಪೂರ್ತಿ ಭಾರ ಹಾಕಿ ತಿರುಗಿದ. ಕುಂಟು ಇರಲಿಲ್ಲ. ನಾನು ಸ್ಪಷ್ಟವಾಗಿ ನೋಡಿದೆ. ಕೆಳಗಿಳಿದು ಬಂದು ಕೈ ತೊಳೆದುಕೊಂಡೆ. ಅವನನ್ನು ಏನೂ ಕೇಳಲಿಲ್ಲ. ನಮ್ಮ ಮನೆಯಲ್ಲಿ ಗಂಡಸರು ಹೇಳದ್ದನ್ನು ಕೇಳುವ ರೂಢಿ ಇಲ್ಲ ಎಂದುಕೊಂಡೆ. ಅದು ನೆಪ. ಉತ್ತರದ ಹೆದರಿಕೆ ನನಗೆ ಆಗಲೇ ಇತ್ತು.

ಮುದ್ದೇಬಿಹಾಳದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ನನಗೆ ಕೆಲಸ ಸಿಕ್ಕಿತು. ಅಕ್ಷರ ದುಂಡಗಿದೆ ಎಂದು ಮಕ್ಕಳನ್ನು ಸೇರಿಸಿಕೊಳ್ಳುವ ದಾಖಲೆ ಪುಸ್ತಕವನ್ನು ನನಗೇ ಒಪ್ಪಿಸಿದರು. ಮೊದಲ ಜೂನಿನಲ್ಲಿ ನಾನು ಯಾರನ್ನೂ ಸುಮ್ಮನೆ ಬಿಡಲಿಲ್ಲ. ತಾಯಂದಿರನ್ನು ಕೂರಿಸಿಕೊಂಡು ಯಾವ ಹಬ್ಬ, ಯಾವ ಸುಗ್ಗಿ, ಯಾರ ಮದುವೆಯ ವರ್ಷ ಎಂದು ಕೇಳಿ, ಪಂಚಾಂಗ ನೋಡಿ, ಖರೇ ತಾರೀಖು ಬರೆದೆ. ಸಾಲು ಹೊರಗಿನ ಬೇವಿನ ಗಿಡದವರೆಗೆ ಬೆಳೆಯುತ್ತಿತ್ತು. "ಬಾಯಾರು ಜಾತಕಾ ಬರ್ಯಾಕ ಕುಂತಾರ," ಎಂದು ಹೊರಗೆ ನನ್ನ ಬಗ್ಗೆ ನಗುವುದು ಕೇಳಿಸುತ್ತಿತ್ತು.

ಡ್ರಿಲ್ ಮಾಸ್ತರರು ಆ ಹೊತ್ತಿಗೆ ಇಂಡಿಯ ಕೆಲಸ ಬಿಟ್ಟು ಮುದ್ದೇಬಿಹಾಳದ ತಮ್ಮ ಮನೆಗೆ ಬಂದಿದ್ದರು. ಅವರ ಹೆಂಡತಿಯನ್ನು ನಾನು ಚಾಚಿ ಎನ್ನುತ್ತಿದ್ದೆ. ಎರಡನೆಯ ಜೂನಿನ ಒಂದು ಭಾನುವಾರ ಮಧ್ಯಾಹ್ನ ಅವರ ಮನೆಗೆ ಹೋದೆ. ಚಾಚಿ ಚಹಾ ಕೊಟ್ಟರು. ಮಾಸ್ತರರು ಅಣ್ಣನನ್ನು ವಿಚಾರಿಸಿದರು.

"ಆರಾಮ ಇದ್ದಾನ್ರಿ ಸರ. ಮೊಣಕಾಲು ಮಾತ್ರ ಹಂಗಽ ಐತಿ."

"ಇನ್ನೂ ಮೊಣಕಾಲಿನ ಮಾತಽ ಹೇಳ್ತಾನೇನು?" ಎಂದರು ಅವರು.

"ಅದಕ್ಕಽ ಅಲ್ರಿ ಆಟಾ ಬಿಟ್ಟು ಬಂದಿದ್ದು?"

ಮಾಸ್ತರರು ಕಪ್ಪನ್ನು ಬಸಿಯ ಮೇಲೆ ಇಟ್ಟರು. ಚಾಚಿ ಗಂಡನನ್ನೇ ನೋಡುತ್ತ, "ಬ್ಯಾಡ ಅಂದಿದ್ದ ಅಂವ. ನಿಮಗ ಆಣಿ ಹಾಕಿದ್ದ," ಎಂದರು.

"ಆಣಿ ನನಗ ಹಾಕ್ಯಾನ, ಮುರದ ಪಾಪಾನೂ ನನಗಽ ಇರಲಿ," ಎಂದ ಮಾಸ್ತರರು ನನ್ನ ಕಡೆ ತಿರುಗಿದರು. "ಬೇಟಾ, ನೀ ಓದಿದಾಕಿ. ನಿನಗ ತಿಳಿದಿರಬೇಕಂತ ನಾ ತಿಳಕೊಂಡಿದ್ದೆ. ಇಪ್ಪತ್ತೈದರ ಒಳಗಿನವರನ್ನಷ್ಟ ಕಾಯಂ ಮಾಡವ್ರಿದ್ರು. ಸಾಲೀ ಕಾಗದದಾಗ ಇಪ್ಪತ್ತನಾಕು. ನಿನ್ನ ಫಾರಮಿನಾಗ ಇಪ್ಪತ್ತೈದು ದಾಟಿತ್ತು. ನಿಮ್ಮಣ್ಣ ನನಗ ತಾರು ಕೊಟ್ಟು ಕರಸಿದ್ದ, ನಾನೂ ಹೋಗಿದ್ದೆ. ಮ್ಯಾನೇಜರ ಭಾಳ ಛಲೋ ಮನಶಾ. ಎರಡೂ ಕಾಗದಾ ಮುಂದಿಟ್ಟ. 'ಯಾವುದು ಖರೇ ಹೇಳಪಾ. ಸಾಲೀದು ಖರೇ ಅಂದಿ ಅಂದ್ರ ಈ ಫಾರಂ ಹರದು ಇನ್ನೊಂದು ಕೊಡ್ತೇನಿ' ಅಂದ."

ಅಣ್ಣ ಏನಂದ ಎಂದು ಕೇಳಿದೆ.

"ನಿಮ್ಮಣ್ಣ ಅಂದದ್ದಿಷ್ಟು. 'ನನ್ನ ತಂಗಿ ಬರದಿದ್ದು ಖರೇ ಐತ್ರಿ. ಆಕಿ ಧಾರವಾಡದಾಗ ಓದ್ಯಾಳ. ಆಕಿ ಸುಳ್ಳ ಬರಿಯೂದಿಲ್ಲ.' ಹೊರಗ ಕರಕೊಂಡ ಹೋಗಿ ಬೈದೆ. ಏ ಹುಚ್ಚಾ, ಒಂದ ಮಾತು, ಸಾಲೀದು ಖರೇ ಅನ್ನೂದಷ್ಟಽ ಅಂದೆ. ಏನಂದ ಗೊತ್ತೇನು? 'ಆಕೀ ಸಹಿ ಐತ್ರಿ ಸರ ಅದರಾಗ. ಬಿ.ಎ. ಅಂತ ಬರದಾಳ. ನಾಳೆ ನೌಕರಿಗೆ ಹೋಗಾಕಿ, ಸುಳ್ಳ ಬರದಾಳಂತ ಯಾರರೆ ಅಂದ್ರ?' ಅಂದ. ಯಾರೂ ಅಂತಿರಲಿಲ್ಲ ಬೇಟಾ. ಆ ಫಾರಂ ಯಾರೂ ಮತ್ತ ನೋಡ್ತಿರಲಿಲ್ಲ. ಅದನ್ನ ಅವಗ ತಿಳಿಸಾಕ ನನ್ನಿಂದ ಆಗಲಿಲ್ಲ."

ಕಾಯಂ ಆಗದವರನ್ನು ಆ ವರ್ಷದಿಂದ ತಂಡದಲ್ಲಿ ಇಟ್ಟುಕೊಳ್ಳಲಿಲ್ಲವಂತೆ. ಮಾಸ್ತರರೂ ಅಣ್ಣನೂ ಗಿರಣಿಯ ಬಾಗಿಲಿನಿಂದ ರೈಲು ನಿಲ್ದಾಣದವರೆಗೆ ನಡೆದೇ ಬಂದರಂತೆ. ದಾರಿಯಲ್ಲಿ ಅಣ್ಣ ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡನಂತೆ. ಮನೆಯಲ್ಲಿ ಏನು ಹೇಳುತ್ತೀ ಎಂದು ಮಾಸ್ತರರು ಕೇಳಿದಾಗ, ಮೊಣಕಾಲು ಎನ್ನುತ್ತೇನೆ ಎಂದನಂತೆ. ಯಾವ ಕಾಲು ಎಂದು ಇಬ್ಬರೂ ಸೇರಿ ನಿಶ್ಚಯಿಸಿದರಂತೆ.

ಚಾಚಿ ನನ್ನ ತಲೆಯ ಮೇಲೆ ಕೈಯಿಟ್ಟರು. ನಾನು ಅಳಲಿಲ್ಲ. ಬೇರೆಯವರ ಮನೆಯಲ್ಲಿ ಅಳುವುದು ನನಗೆ ಬಾರದು. ಕಪ್ಪು ಬಸಿ ತೊಳೆದಿಟ್ಟು ನನ್ನ ಕೋಣೆಗೆ ಬಂದೆ. ಅಣ್ಣನಿಗೆ ಒಂದು ಕಾಗದ ಬರೆಯಲು ಕುಳಿತೆ. ತಾರೀಖು ಹಾಕಿದೆ, ಊರ ಹೆಸರು ಹಾಕಿದೆ, ತೀರ್ಥರೂಪ ಅಣ್ಣನಿಗೆ ಎಂದು ಬರೆದೆ. ಮುಂದೆ ಹೋಗಲಿಲ್ಲ. ನನಗೆ ತಿಳಿಯಿತು ಎಂದು ಬರೆದರೆ, ಅವನು ಎರಡು ವರ್ಷ ಕುಂಟಿದ್ದು ವ್ಯರ್ಥವಾಗುತ್ತದೆ. ಆ ಹಾಳೆಯನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟೆ. ಅದು ಈಗಲೂ ಅಲ್ಲೇ ಇದೆ.

ಮರುದಿನ ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಶಾಲೆಗೆ ಹೋದೆ. ದಾಖಲೆ ಪುಸ್ತಕ ತೆಗೆದೆ. ಸಾಲಿನಲ್ಲಿ ಮೊದಲು ನಿಂತಿದ್ದವಳು ಒಬ್ಬ ಹೆಂಗಸು, ಹೊಸ ಲಂಗ ತೊಟ್ಟ ಮಗಳ ಕೈ ಹಿಡಿದಿದ್ದಳು. ಹಿಂದಿನ ವರ್ಷದ ಸುದ್ದಿ ಕೇಳಿ ತಯಾರಾಗಿ ಬಂದಿದ್ದಳು.

"ಕಾರಹುಣ್ಣಿಮಿ ಮರುದಿನ ಹುಟ್ಯಾಳ್ರೀ ಬಾಯಾರ. ಮಂಗಳಾರ. ಈ ಕಾರಹುಣ್ಣಿಮಿಗೆ ಏಳು ತುಂಬಿ ಎಂಟು. ನಾ ಮರತಿಲ್ಲ, ಬರ್ಕೊಳ್ರಿ."

ನಾನು ಹುಡುಗಿಗೆ ಬಲಗೈಯಿಂದ ಎಡಕಿವಿ ಮುಟ್ಟಲು ಹೇಳಿದೆ. ಅವಳು ಸುಲಭವಾಗಿ ಮುಟ್ಟಿದಳು. ಆರು ತುಂಬಿದೆ ಎಂದು ಬರೆದೆ. ಹುಟ್ಟಿದ ತಾರೀಖಿನ ಕೆಳಗೆ ಜೂನ್ ಒಂದು ಎಂದು ಬರೆದೆ. ಬರೆದವರ ಸಹಿ ಎಂಬಲ್ಲಿ ಹೆಸರನ್ನಷ್ಟೇ ಹಾಕಿ, ಅದರ ಮುಂದೆ ಏನೂ ಸೇರಿಸದೆ, ಒತ್ತುಕಾಗದ ಒತ್ತಿ, ಮುಂದಿನವರನ್ನು ಕರೆದೆ.